ಬಾಯಿ ತೆರೆಯುವ ಹೆಲ್ಮೆಟ್ಟಿಗೆ ಸಿಕ್ಕ ಮಂಜೂರಾತಿ

ಮೊದಲು ನೀವೇ ಊಹಿಸಿ ನೋಡೋಣ. ಮುಂಭಾಗವನ್ನು ಮೇಲಕ್ಕೆತ್ತಬಹುದಾದ ಹೆಲ್ಮೆಟ್ಟು ಕಾಯಿದೆಗೆ ಸರಿಯೋ ಅಲ್ಲವೋ ಎಂಬ ದೊಡ್ಡ ಪ್ರಶ್ನೆ ನಮ್ಮ ಬಳ್ಳಾರಿ ಸೀಮೆಯಲ್ಲಿ ಹೇಗೆ ಇತ್ಯರ್ಥವಾಯಿತು? ಕೋರ್ಟಿನಲ್ಲಿ ಅಂತೀರಾ? ಅಲ್ಲ. ಬೆಂಗಳೂರಿನಿಂದ ಆದೇಶ ಬಂತು ಅಂತೀರಾ? ಅದೂ ಅಲ್ಲ. ಯೋಚಿಸುತ್ತಿರಿ, ಅಷ್ಟರಲ್ಲಿ ನಾನು ಹೇಳುತ್ತಾ ಹೋಗುತ್ತೇನೆ. ತೂಕ ಮತ್ತು ಅಳತೆ ಇನ್ಸ್‌ಪೆಕ್ಟರನಾಗಿ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಅಂತ ಮೋಟರ್‌ಸೈಕಲ್ ಮೇಲೆ ಅಲೆದವನು ನಾನು. ಇಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡೇ ಬರುತ್ತಿದ್ದವು. ಅವಕ್ಕೆ ನನ್ನ ವಿಳಾಸ ಯಾರು ಕೊಡುತ್ತಿದ್ದರೋ ಇವತ್ತಿಗೂ ಗೊತ್ತಿಲ್ಲ.

೧. ಹಡಗಿನಿಂದ ಇಳಿದದ್ದು

ನನ್ನ ಹೆಂಡತಿಯ ತಮ್ಮ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ಒಮ್ಮೆ ರಜೆಗೆ ಬಂದಾಗ ನನಗಾಗಿ ಒಂದು ಬಿಳಿ ಹೆಲ್ಮೆಟ್ಟು ತಂದ. ಅದರ ಕೆಂಪು ಗುಂಡಿ ಒತ್ತಿದರೆ ಗದ್ದದ ಕಾಪು, ಮುಂದಿನ ಗಾಜು ಎರಡೂ ಸೇರಿ ಟಕ್ಕನೆ ಹಣೆಯ ಮೇಲಕ್ಕೆ ಹೋಗುತ್ತಿದ್ದವು. ಕೆಳಕ್ಕೆ ಎಳೆದರೆ ಮತ್ತೆ ಟಕ್ಕನೆ ಮುಚ್ಚಿಕೊಳ್ಳುತ್ತಿದ್ದವು.

“ಜರ್ಮನಿದು ಮಾವಾರ. ಚಾಳೀಸು ತಗೀದಂಗ ಹಾಕ್ಕೋಬಹುದು” ಅಂದ.

ಆ ಚಾಳೀಸಿನ ಮಾತೇ ಮುಖ್ಯ. ಮುಖ ಪೂರ್ತಿ ಮುಚ್ಚುವ ಬೇರೆ ಹೆಲ್ಮೆಟ್ಟುಗಳಲ್ಲಿ ತಲೆ ತೂರಿಸಿದರೆ ನನ್ನ ಚಾಳೀಸು ಕಿವಿಯಿಂದ ಕಳಚಿ ಮೂಗಿನ ಮೇಲೆ ಅಡ್ಡಡ್ಡ ಕೂರುತ್ತಿತ್ತು. ಅದಿಲ್ಲದೆ ನನಗೆ ಎಮ್ಮೆಯೂ ಒಂದೇ, ಎದುರಿಗೆ ಬರುವ ಬಸ್ಸೂ ಒಂದೇ. ಹೆಂಡತಿ ಅವತ್ತೇ ಷರತ್ತು ಹಾಕಿದಳು: “ಇದು ತಲಿ ಮ್ಯಾಲ ಇದ್ರ ಗಾಡಿ. ಇಲ್ಲಂದ್ರ ಗಾಡಿ ಮಾರಿ ಬಸ್ಸಿಗೆ ಹೋಗ್ರಿ.”

ಬಳ್ಳಾರಿಯ ಪಾರ್ವತಿನಗರದ ನಮ್ಮ ಓಣಿ ಪೂರಾ ನೋಡಲು ಬಂತು. ನಾನು ಮದುವೆ ಗಂಡಿನ ಹಾಗೆ ಕಟ್ಟೆಯ ಮೇಲೆ ಕೂತು ತೆರೆದು, ಮುಚ್ಚಿ ತೋರಿಸಿದ್ದೇ ತೋರಿಸಿದ್ದು. ಎದುರುಮನೆಯ ಹೆಡ್‌ಮಾಸ್ಟರು ಎಲ್ಲವನ್ನೂ ಪರಿಶೀಲಿಸಿ ಅಂದರು: “ಭಾಳ ಚಲೋ ಐತಿ ಬಿಡ್ರಿ. ಆದ್ರ ನಿಮಗ ಮುಚ್ಚೋದಷ್ಟ ಇದ್ದಿದ್ರ ಓಣಿಗೆ ಇನ್ನೂ ಅನುಕೂಲ ಇತ್ತು.”

೨. ಮುದ್ರಿ ಎಲ್ಲೈತ್ರಿ?

ನನ್ನ ಕೆಲಸವೇ ಮುದ್ರೆ ಹುಡುಕುವುದು. ಅಂಗಡಿಗೆ ಹೋಗು, ತೂಕದ ಕಲ್ಲು ತಲೆಕೆಳಗು ಮಾಡು, ಸರ್ಕಾರದ ಮುದ್ರೆ ಇಲ್ಲದಿದ್ದರೆ ಜಪ್ತಿ ಮಾಡು. ಸಿರುಗುಪ್ಪದ ಒಬ್ಬ ಅಕ್ಕಿ ಗಿರಣಿ ಸಾಹುಕಾರನಿಗೆ ಹತ್ತು ವರ್ಷ ಹೀಗೆ ಕಾಟ ಕೊಟ್ಟಿದ್ದೆ. ನನ್ನ ಹೆಲ್ಮೆಟ್ಟು ಕಂಡ ಕೂಡಲೇ ಆತ ಅದನ್ನು ಎರಡೂ ಕೈಯಲ್ಲಿ ತಗೊಂಡ. ಕಣ್ಣು ಕಿರಿದು ಮಾಡಿ, ತಲೆಕೆಳಗು ಮಾಡಿ, ಥೇಟು ನನ್ನ ಧಾಟಿಯಲ್ಲೇ ಕೇಳಿದ.

“ಸಾಹೇಬ್ರ, ಮುದ್ರಿ ಎಲ್ಲೈತ್ರಿ?”

“ಒಳಗ ಐತಿ ನೋಡು. ಜರ್ಮನಿ ಮುದ್ರಿ.”

“ಜರ್ಮನಿ ಮುದ್ರಿ ಇರೋ ಕಿಲೋ ಕಲ್ಲು ನಾ ಇಟ್ರ ನೀವು ಬಿಡ್ತೀರೇನ್ರಿ? ನಮ್ಮ ಸರ್ಕಾರದ ಗುರುತು ತೋರಸ್ರಿ.”

ಹಮಾಲರು ಮೂಟೆ ಇಳಿಸಿ ಸುತ್ತ ನಿಂತರು. ಹೆಲ್ಮೆಟ್ಟಿನ ಕಾಯಿದೆ ಆಗ ಪುಸ್ತಕದಲ್ಲಿತ್ತೇ ಹೊರತು ನಮ್ಮ ರಸ್ತೆಗಳಿಗೆ ಇಳಿದಿರಲಿಲ್ಲ. ಆದರೆ ಹತ್ತು ವರ್ಷ ಮುದ್ರೆ ಮುದ್ರೆ ಅಂತ ಪ್ರಾಣ ತಿಂದ ನಾನು ಈಗ ‘ಇರಲಿ ಬಿಡು’ ಅನ್ನುವುದು ಹೇಗೆ? ಸಾಹುಕಾರ ಇನ್ನೊಂದು ಒಗೆದ: “ಬಾಯಿ ತೆರಿಯೋ ಹೆಲ್ಮೆಟ್ಟು, ಬಿದ್ದಾಗ ತಾನಾ ತೆರ್ಕೊಂಡ್ರ ಏನ್ ಗತಿ?”

ನನಗೂ ರೋಷ ಬಂತು. “ಬ್ರೇಕ್ ಇನ್ಸ್‌ಪೆಕ್ಟರ್ ಮುಂದ ಇಡ್ತೀನಿ. ಅವರು ಸಲ್ಲದು ಅಂದ್ರ ಅವತ್ತಿಂದ ಇದನ್ನ ತಲಿಗೆ ಹಚ್ಚಂಗಿಲ್ಲ” ಅಂದುಬಿಟ್ಟೆ. ಗಾಡಿ, ಲೈಸೆನ್ಸು ಪರೀಕ್ಷೆ ಮಾಡುವ ಮೋಟಾರು ಅಧಿಕಾರಿಗೆ ನಮ್ಮ ಕಡೆ ಅದೇ ಹೆಸರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಮರುದಿನ ಬೆಳಿಗ್ಗೆ ಚಹಾ ಕೊಡುತ್ತಾ ಅಂದಳು: “ಸಿರುಗುಪ್ಪಕ್ಕ ಮೊದಲ್ನೇ ಬಸ್ಸು ಆರೂವರಿಗೆ ಐತಂತ್ರಿ. ಕುಂದ್ರಾಕ ಜಾಗ ಸಿಗಂಗಿಲ್ಲಂತ.”

೩. ರಸ್ತೆಯೇ ಕಣ

ಕುರುಗೋಡಿನ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ಜೋಳದ ತೆನೆ ಉದ್ದಕ್ಕೂ ಹರವಿಬಿಡುತ್ತಾರೆ, ಹೋಗಿ ಬರುವ ಲಾರಿ ಬಸ್ಸುಗಳು ಪುಕ್ಕಟೆಯಾಗಿ ತುಳಿದುಕೊಡುತ್ತವೆ. ಸರ್ಕಾರ ರಸ್ತೆ ಮಾಡಿದ್ದು ಇದಕ್ಕೇ ಎಂಬ ಭಾವನೆ. ಅಂಥ ತೆನೆಯ ಮೇಲೆ ನನ್ನ ಗಾಡಿ ಜಾರಿತು. ಗಾಡಿ ಒಂದು ಕಡೆ, ನಾನು ಮುಖ ಕೆಳಗಾಗಿ ಇನ್ನೊಂದು ಕಡೆ. ಡಾಂಬರಿಗೆ ಉಜ್ಜಿದ್ದು ಹೆಲ್ಮೆಟ್ಟಿನ ಗದ್ದ. ನನ್ನ ಗದ್ದ ಒಳಗೆ ಆರಾಮಾಗಿತ್ತು. ಮುಂಭಾಗ ತಾನಾಗಿ ತೆರೆದುಕೊಳ್ಳಲೂ ಇಲ್ಲ. ಬಿದ್ದವನಿಗೆ ಅಷ್ಟು ಹೆಮ್ಮೆಯಾಗಬಾರದು, ಆದರೆ ಆಯಿತು.

ತೆನೆ ತಿರುವುತ್ತಿದ್ದ ಒಬ್ಬಳು ಮುದುಕಿ ಓಡಿ ಬಂದು ನನ್ನನ್ನು ಮಗ್ಗುಲಿಗೆ ಹೊರಳಿಸಿದಳು. ನಾನು ಉಸಿರಾಡಲು ಗುಂಡಿ ಒತ್ತಿದೆ. ಟಕ್ ಅಂತ ಮುಂಭಾಗ ಹಣೆಯ ಮೇಲಕ್ಕೆ ಹೋಯಿತು.

“ಯವ್ವಾ! ದವಡಿ ಕಿತ್ತು ಮ್ಯಾಲ ಹೋತಲ್ರೋ!” ಅಂತ ಕಿರುಚಿದಳು. ಅಕ್ಕಪಕ್ಕದ ಹೊಲದವರೆಲ್ಲ ಓಡಿ ಬಂದರು.

ನಾನು ಎದ್ದು ಕೂತು, ದವಡೆ ಜಾಗದಲ್ಲೇ ಇದೆ, ಇದು ಜರ್ಮನಿ ಹೆಲ್ಮೆಟ್ಟು, ಒಳಗೆ ಸ್ಪ್ರಿಂಗ್ ಇದೆ, ಗದ್ದಕ್ಕೆ ಕಾಪು ಇದೆ, ಚಾಳೀಸಿಗೂ ಏನೂ ಆಗುವುದಿಲ್ಲ ಅಂತ ವಿವರಿಸತೊಡಗಿದೆ. ಮುದುಕಿ ಸ್ವಲ್ಪ ಹೊತ್ತು ಕೇಳಿ, ಉಳಿದವರ ಕಡೆ ತಿರುಗಿ ಹೇಳಿದಳು: “ಗಾಬರಿ ಆಗಬ್ಯಾಡ್ರಪ್ಪ. ಪೆಟ್ಟು ತಲಿಗೆ ಬಿದ್ದೈತಿ.”

೪. ಹಾಫೋ ಫುಲ್ಲೋ

ಇದು ಚಿಕ್ಕದು. ಬಳ್ಳಾರಿ ಪೇಟೆಯ ಸರ್ಕಲ್ಲಿನಲ್ಲಿ ಒಬ್ಬ ಪೊಲೀಸಪ್ಪ ಕೈ ಅಡ್ಡ ಮಾಡಿದ. “ಸಾಬ್, ತೆರದ್ರ ಇದು ಹಾಫ್, ಮುಚ್ಚಿದ್ರ ಫುಲ್. ಯಾವುದಂತ ಲೆಕ್ಕಕ್ಕ ಹಿಡೀಲಿ?”

“ಮುಚ್ಚೇ ಓಡಸ್ತೀನಲ್ಲಪ್ಪ” ಅಂದು ಮುಚ್ಚಿ ತೋರಿಸಿದೆ. “ಇನ್ನೊಂದ್ ಸಲ” ಅಂದ. ತೆರೆದೆ. “ಮತ್ತೊಂದ್ ಸಲ.” ಜಟಕಾದವರು, ಹಣ್ಣಿನವರು, ಸೈಕಲ್ಲಿನವರು ಎಲ್ಲ ನಿಂತು ನೋಡತೊಡಗಿದರು. ಹಿಂದೆ ನಾಲ್ಕು ಬಸ್ಸು ಹಾರ್ನ್ ಹೊಡೆಯುತ್ತಿದ್ದವು. ಆಗ ಪೊಲೀಸಪ್ಪನಿಗೆ ಕರ್ತವ್ಯ ನೆನಪಾಯಿತು. ಸೀಟಿ ಊದಿ ನನ್ನನ್ನೇ ಗದರಿಸಿದ: “ಏನ್ ಸಾಬ್, ಓದ್ಕೊಂಡೋರು, ನಡು ರಸ್ತಾದಾಗ ಆಟ ಆಡಾಕ ಹತ್ತೀರಲ್ಲ!”

೫. ಐ.ಬಿ. ಮೈದಾನದ ತೀರ್ಪು

ಕೊನೆಗೆ ಆ ದಿನ ಬಂತು. ಬ್ರೇಕ್ ಇನ್ಸ್‌ಪೆಕ್ಟರ್ ಸಿರುಗುಪ್ಪದಲ್ಲಿ ಕ್ಯಾಂಪ್ ಹಾಕಿದ್ದರು. ಐ.ಬಿ., ಅಂದರೆ ಸರ್ಕಾರಿ ಬಂಗಲೆ, ಅದರ ಮುಂದಿನ ಮೈದಾನದಲ್ಲಿ ಲಾರಿಗಳ ಸಾಲು, ಲೈಸೆನ್ಸಿಗೆ ಬಂದವರ ಸಾಲು. ಎಲ್ಲಕ್ಕಿಂತ ಮುಂದೆ, ಕುರ್ಚಿ ತರಿಸಿಕೊಂಡು, ನಮ್ಮ ಗಿರಣಿ ಸಾಹುಕಾರ. ನಾನು ಗಾಡಿಯನ್ನು ಬೆಳಿಗ್ಗೆ ಎರಡು ಸಲ ಒರೆಸಿದ್ದೆ. ಇವತ್ತು ಸೋತರೆ ಅದನ್ನು ಒರೆಸುವುದು ಅದೇ ಕೊನೆಯ ಸಲ.

ಊಟ ಮುಗಿಸಿ ಬಂದ ಇನ್ಸ್‌ಪೆಕ್ಟರು ಕಾಯಿದೆ ಪುಸ್ತಕ ತೆರೆದು ಎರಡು ಪುಟ ತಿರುವಿದರು. “ಪಟ್ಟಿ ಐತಿ, ಗಟ್ಟಿ ಐತಿ. ಆದ್ರ ನಮ್ಮ ಗುರುತಿಲ್ಲ. ಮುಂದ ಬ್ಯಾರೆ ತೆರ್ಕೊಂತೈತಿ” ಅಂದರು. ಸಾಹುಕಾರ ಕುರ್ಚಿಯಲ್ಲಿ ಹಿಗ್ಗಿದ.

ನಾನು ಕೈ ಮುಗಿದು ಅಂದೆ: “ಸಾರ್, ಮುದ್ರೆ ಇಲ್ಲದ ಹೊಸ ತೂಕ ಬಂದ್ರ ನಾವು ಮೊದಲು ಪರೀಕ್ಷೆ ಮಾಡ್ತೀವಿ, ಆಮ್ಯಾಲ ತೀರ್ಪು ಕೊಡ್ತೀವಿ. ನೀವೂ ಹಾಕ್ಕೊಂಡು ನೋಡಿ ಹೇಳ್ರಿ.”

ಅವರಿಗೆ ಅದು ನ್ಯಾಯ ಅನ್ನಿಸಿತು. ಹೆಲ್ಮೆಟ್ಟು ಹಾಕಿಕೊಂಡು, ಟಕ್ಕನೆ ಮುಚ್ಚಿ, ನನ್ನ ಗಾಡಿ ಹತ್ತಿ ಮೈದಾನ ಎರಡು ಸುತ್ತು ಬಂದರು. ಗಾಡಿ ನಿಲ್ಲಿಸಿದರು. ಎಲ್ಲರೂ ಹತ್ತಿರ ಸರಿದು ನಿಂತೆವು. ಆದರೆ ಅವರದೊಂದು ಪದ್ಧತಿ ಇತ್ತು. ಊಟವಾದ ಮೇಲೆ ಬಾಯಿ ತುಂಬ ಎಲೆ ಅಡಿಕೆ ಇರಲೇಬೇಕು, ಮತ್ತು ಯಾವುದೇ ತೀರ್ಪು ಹೇಳುವ ಮುಂಚೆ ಎಡಕ್ಕೆ ತಿರುಗಿ, ಗಂಭೀರವಾಗಿ, ಬಾಯಿ ಖಾಲಿ ಮಾಡಬೇಕು. ಅವತ್ತೂ ಎಡಕ್ಕೆ ತಿರುಗಿದರು. ಗಂಭೀರವಾಗಿಯೇ ಉಗುಳಿದರು.

ಗಾಜು ಒಳಗಿನಿಂದ ಪೂರ್ತಿ ಕೆಂಪಾಯಿತು.

“ಅಯ್ಯಯ್ಯೋ, ರಕ್ತಂ!” ಅಂತ ಸಾಹುಕಾರ ಗಾಬರಿಯಲ್ಲಿ ತೆಲುಗಿಗೆ ಇಳಿದ. ಒಬ್ಬ ಡ್ರೈವರು ಆಸ್ಪತ್ರೆಗೆ ಅಂತ ಲಾರಿಯನ್ನೇ ಚಾಲೂ ಮಾಡಿದ. ಲೈಸೆನ್ಸಿಗೆ ಬಂದವರಲ್ಲಿ ಅರ್ಧ ಜನ ಅರ್ಜಿ ಬಿಟ್ಟು ಓಡಿದರು. ಒಳಗಿನಿಂದ ಇನ್ಸ್‌ಪೆಕ್ಟರು ಕೈ ಆಡಿಸುತ್ತಿದ್ದರೆ, ಕೊನೆಯ ಮಾತು ಹೇಳುತ್ತಿದ್ದಾರೆ ಅಂತ ಒಬ್ಬಾತ ಟೋಪಿ ತೆಗೆದ. ನಾನೇ ಹೋಗಿ ಗುಂಡಿ ಒತ್ತಿದೆ. ಟಕ್.

ಮೂಗಿನಿಂದ ಗದ್ದದವರೆಗೆ ಕೆಂಪು. ಎರಡು ಕೊಡ ನೀರು ಖರ್ಚಾಯಿತು. ಇನ್ನೇನು, ನನ್ನ ಹೆಲ್ಮೆಟ್ಟು ಹೋಯಿತು, ಗಾಡಿ ಹೋಯಿತು, ಆರೂವರೆ ಬಸ್ಸೇ ಗತಿ ಅಂತ ತಲೆ ತಗ್ಗಿಸಿ ನಿಂತೆ. ಇನ್ಸ್‌ಪೆಕ್ಟರು ಟವಲಿನಿಂದ ಮುಖ ಒರೆಸಿಕೊಂಡು, ಕುರ್ಚಿಗೆ ಕೂತು, ಗುಮಾಸ್ತನಿಗೆ ಹೇಳಿದರು:

“ಬರಕೋ. ಮುಂಭಾಗ ತಾನಾಗೇ ತೆರೆಯುವುದಿಲ್ಲ. ಒಳಗಿಂದ ಮೂವತ್ತು ವರ್ಷದ ಅನುಭವ ಹಾಕಿ ಪರೀಕ್ಷಿಸಲಾಗಿದೆ. ಗುರುತಿನ ಬದಲು ಈ ಚೀಟಿ ಸಾಕು. ಓಡಿಸುವಾಗ ಮುಚ್ಚಿರಬೇಕು, ನಿಂತಾಗ ತೆರೆಯಬಹುದು.” ಆಮೇಲೆ ನನ್ನ ಕಡೆ ನೋಡಿ, “ಉಗುಳುವಾಗ ತೆರೀಲೇಬೇಕು ಅಂತನೂ ಸೇರಿಸಪ್ಪ” ಅಂದರು.

ಅಂಥ ಚೀಟಿ ಬರೆಯಲು ಅವರಿಗೆ ಅಧಿಕಾರವಿತ್ತೋ ಇಲ್ಲವೋ ನಾನು ಕೇಳಲಿಲ್ಲ, ಸಾಹುಕಾರನೂ ಕೇಳಲಿಲ್ಲ. ಚೀಟಿಯನ್ನು ಎದೆಯ ಜೇಬಿನಲ್ಲಿಟ್ಟು, ಮುಂಭಾಗ ಟಕ್ಕನೆ ಮುಚ್ಚಿ, ಸಿರುಗುಪ್ಪದ ನಡು ಬೀದಿಯಲ್ಲಿ ನನ್ನ ಗಾಡಿಯನ್ನು ನಾನೇ ಓಡಿಸಿಕೊಂಡು ಬಂದೆ. ಒಳಗೆ ಎಲೆ ಅಡಿಕೆಯ ವಾಸನೆ ತಡೆಯಲಾಗುತ್ತಿರಲಿಲ್ಲ. ಆದರೂ ಬಳ್ಳಾರಿ ಮುಟ್ಟುವವರೆಗೆ ಒಮ್ಮೆಯೂ ತೆರೆಯಲಿಲ್ಲ. ಕಾಯಿದೆ ಅಂದರೆ ಕಾಯಿದೆ. ಅವತ್ತು ಎಂಬತ್ತೇಳನೆಯ ಇಸವಿ, ಕಾರಹುಣ್ಣಿಮೆಯ ಮರುದಿನ.