ಗಾಳಿ ಹೋಯ್ತಾ, ಯಜಮಾನ್ರೇ?

ಕರುಳಿನ ಆಪರೇಷನ್ ಈಗ ಸಣ್ಣ ಸಣ್ಣ ತೂತುಗಳಲ್ಲೇ ಮುಗಿಯುತ್ತದೆ. ಅದನ್ನು ರೋಗಿಯ ಕಡೆಯವರಿಗೆ ತಿಳಿಸಿ ಹೇಳುವುದು ಮಾತ್ರ ಇನ್ನೂ ದೊಡ್ಡ ಆಪರೇಷನ್ನೇ. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ನಾನು ನರ್ಸು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಕಡೆಯವರು ಬಂದರೂ ಅವರೂ ತಬ್ಬಿಬ್ಬು, ನಾನೂ ತಬ್ಬಿಬ್ಬು.

ತುಂಬುವ ಗ್ಯಾಸು

ಹೊನ್ನಾಳಿಯ ಹೆಂಗಸೊಬ್ಬರಿಗೆ ಗಂಡನ ಆಪರೇಷನ್ ಹೇಗೆ ನಡೆಯುತ್ತದೆಂದು ವಿವರಿಸುತ್ತಿದ್ದೆ.

"ಮೊದಲು ಹೊಟ್ಟೆಗೆ ಗ್ಯಾಸ್ ತುಂಬ್ತಾರೆ. ಹೊಟ್ಟೆ ಉಬ್ಬಿದ ಮೇಲೆ ಕ್ಯಾಮೆರಾ ಬಿಡ್ತಾರೆ."

ಆಕೆ ಬಟ್ಟೆ ಚೀಲ ಎತ್ತಿಕೊಂಡು ಎದ್ದೇಬಿಟ್ಟರು. "ನಡೀರಿ ಮನೀಗೆ! ಗ್ಯಾಸ್ ತೆಗ್ಸಾಕೆ ಅಂತ ಕರ್ಕಂಡು ಬಂದ್ರೆ ಇವ್ರು ಇನ್ನೂ ತುಂಬ್ತಾರಂತೆ!"

ಇದು ಯಾರದ್ದು?

ನಲ್ಲೂರಿನ ರೋಗಿಯೊಬ್ಬರ ಭಾವಮೈದ ಮಂಚದ ಪಕ್ಕದಲ್ಲೇ ನನ್ನನ್ನು ತಡೆದು ಕೇಳಿದ, "ಸಿಸ್ಟರ್, ನಮ್ಮ ಭಾವನ ಆಪರೇಷನ್ ಯಾವಾಗ?"

"ಆಯ್ತಲ್ಲ!"

"ನಮ್ಮಪ್ಪಂಗೆ ಎದೆಯಿಂದ ಹೊಕ್ಕಳ ತನಕ ಕೊಯ್ದಿದ್ರು. ಇಲ್ಲಿ ನೋಡಿದ್ರೆ ಸೊಳ್ಳೆ ಕಚ್ಚಿದಂಗೈತೆ."

ಅಲ್ಲೇ ಇದ್ದ ಡಾಕ್ಟರು, ಕತ್ತರಿಸಿ ತೆಗೆದ ಕರುಳಿನ ಫೋಟೋ ತೋರಿಸಿದರು. ಗೇಣುದ್ದದ ತುಂಡು. ಆತ ಫೋಟೋ ನೋಡಿದ, ಭಾವನ ಹೊಟ್ಟೆ ಮೇಲಿನ ಪ್ಲಾಸ್ಟರ್ ನೋಡಿದ, ದನಿ ತಗ್ಗಿಸಿದ. "ನಿಜ ಹೇಳ್ರಿ ಸಾರ್, ಇದು ಯಾರದ್ದು?"

ಬೀಗರ ಮುಂದೆ

ಜಗಳೂರಿನ ಯಜಮಾನರೊಬ್ಬರು, ಬಹಳ ಗಂಭೀರ ಮನುಷ್ಯ. ಆಪರೇಷನ್ ಆದ ಮೇಲೆ ಗಾಳಿ ಹೋದರೆ ಕರುಳು ಕೆಲಸ ಶುರು ಮಾಡಿತೆಂದು ಅರ್ಥ. ಹಾಗಾಗಿ ಕೇಳಿದೆ, "ಗಾಳಿ ಹೋಯ್ತಾ, ಯಜಮಾನ್ರೇ?"

ಕಿಟಕಿ ಕಡೆ ನೋಡಿದರು. "ಚೆನ್ನಾಗಿ ಬರ್ತೈತಮ್ಮ."

"ಆ ಗಾಳಿ ಅಲ್ಲ. ಕೆಳಗಿನದು."

ಅವರ ಮುಖ ಕೆಂಪಾಯಿತು. "ಇಲ್ಲ."

ಮಾರನೇ ದಿನವೂ ಇಲ್ಲ. ಹೊಟ್ಟೆ ಬಿಗಿದು ನಗಾರಿಯಾಗಿತ್ತು. ಡಾಕ್ಟರ ಮುಖ ಸಪ್ಪಗಾಯಿತು. "ಸ್ಕ್ಯಾನ್ ಮಾಡಿಸೋಣ. ಮತ್ತೆ ಹೊಟ್ಟೆ ತೆರೀಬೇಕಾಗಬಹುದು" ಎಂದರು. ಸ್ಕ್ಯಾನಿಗೆ ಹೇಳಲು ಅವರು ಹೊರಟರು.

ಮಂಚದ ಪಕ್ಕದಲ್ಲಿ ಅವರ ಬೀಗರು ಕೂತಿದ್ದರು. ಯಜಮಾನರು ಆಗಷ್ಟೇ ಮಗಳನ್ನು ಕೊಟ್ಟಿದ್ದ ಮನೆಯ ಹಿರಿಯರು. ಕಾಳಜಿಯಿಂದ ರೂಮು ಬಿಟ್ಟು ಕದಲಿರಲೇ ಇಲ್ಲ. ಸ್ಕ್ಯಾನಿನ ಮಾತು ಕೇಳಿದ ಮೇಲೆ, ಚಾ ಕುಡಿದು ಬರುತ್ತೇನೆಂದು ಎದ್ದು ಹೋದರು.

ಯಜಮಾನರು ತಟ್ಟನೆ ನನ್ನ ಕೈ ಹಿಡಿದರು. "ಲಗೂನ ಬಾಗಿಲು ಹಾಕವ್ವ! ಹೊಸ ಬೀಗರ ಮುಂದೆ ಹೆಂಗೆ ಬಿಡಾಕಾಗುತ್ತೆ? ನಿನ್ನೆಯಿಂದ ತಡ್ಕಂಡೀನಿ!"

ಬಾಗಿಲು ಹಾಕಿದೆ. ಆಮೇಲೆ ಬಂದ ಸದ್ದಿಗೆ ಕಿಟಕಿ ಗಾಜು ಅದುರಿತು. ನನಗೆ ನಗುವೂ ಬಂತು, ಸಮಾಧಾನಕ್ಕೆ ಕಣ್ಣೀರೂ ಬಂತು.

ಬೀಗರು ಇನ್ನೂ ಬಾಗಿಲ ಹೊರಗೇ ಇದ್ದರೆಂದು ಕಾಣುತ್ತದೆ, ಗಾಬರಿಯಿಂದ ಒಳನುಗ್ಗಿದರು. "ಏನದು ಸದ್ದು?"

ಯಜಮಾನರು ಅದೇ ಗಂಭೀರ ಮುಖದಲ್ಲಿ ನನ್ನ ಕಡೆ ಬೆರಳು ತೋರಿಸಿದರು. "ಸಿಸ್ಟರಮ್ಮಂದು."

ನಾನು ಬಾಯಿ ತೆರೆಯುವ ಮೊದಲೇ ಬೀಗರು ಕನಿಕರದಿಂದ ಹೇಳಿದರು: "ಇರ್ಲಿ ಬಿಡವ್ವ. ತಡ್ಕಬಾರ್ದು."