ನನ್ನ ಎದೆಬಡಿತಕ್ಕೊಂದು ಸಾಕ್ಷಿ

ಹೆಂಗಸರಿಗೂ ಹೃದಯವಿರುತ್ತದೆ ಎಂಬುದನ್ನು ನಮ್ಮ ಕಡೆಯ ಗಂಡಸರು ರೇಡಿಯೋದಲ್ಲಿ ಹಾಡು ಕೇಳುವಾಗ ಧಾರಾಳವಾಗಿ ಒಪ್ಪಿಕೊಳ್ಳುತ್ತಾರೆ. ಅದೇ ಮನೆಯ ಹೆಂಗಸು "ಯಾಕೋ ಎದೆ ಹೊಡ್ಕೊಳ್ತಿದೆ ಕಣ್ರೀ" ಎಂದರೆ ಮಾತ್ರ ಅಲ್ಲಿ ಹೃದಯ ಇರುವುದಿಲ್ಲ, ಗ್ಯಾಸು ಇರುತ್ತದೆ. ಅಜ್ಜಂಪುರದಲ್ಲಿ ನಾನು ಕೋಪಿಷ್ಠೆ ಎಂದು ಹೆಸರಾಗಿದ್ದರೆ, ಮೂರು ವರ್ಷ ನನ್ನ ಎದೆಗೆ ಇಲ್ಲದ ಗ್ಯಾಸು ತುಂಬಿದವರೇ ಅದಕ್ಕೆ ಹೊಣೆ.

ಟೀವಿ ಆಗತಾನೆ ಊರಿಗೆ ಬಂದು ಹೆಂಚಿನ ಮೇಲೆಲ್ಲ ಆಂಟೆನಾ ಎದ್ದಿದ್ದ ಕಾಲ ಅದು. ನಾನು ಶಾಲೆಯಲ್ಲಿ ಮೇಡಂ. ನಮ್ಮ ಯಜಮಾನರು ಶಿವಲಿಂಗಪ್ಪನವರದು ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ. ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಏರು. ಮೊದಲೆಲ್ಲ ಹರಟೆ ಹೊಡೆಯುತ್ತ ಹತ್ತುತ್ತಿದ್ದವಳು ಆಮೇಲಾಮೇಲೆ ನಡುವೆ ಎರಡು ಕಡೆ ನಿಲ್ಲುವಂತಾಯಿತು. ನಿಂತರೆ ನೋಡಿದವರು ಕೇಳುತ್ತಾರಲ್ಲ, ಅದಕ್ಕೆ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವಳಂತೆ ಬಗ್ಗಿ ಉಸಿರು ತೆಗೆದುಕೊಳ್ಳುತ್ತಿದ್ದೆ. ಕೊನೆಗೊಂದು ದಿನ ನಮ್ಮ ಹೆಡ್‌ಮಾಸ್ಟರೇ ಸೈಕಲ್ ನಿಲ್ಲಿಸಿ, "ಮೇಡಂ, ಸರ್ಕಾರ ಸಂಬಳ ಕೊಡತ್ತೆ, ಒಂದು ಹೊಸ ಜೊತೆ ತಗೊಳ್ಳಿ" ಎಂದು ಬುದ್ಧಿ ಹೇಳಿ ಹೋದರು.

ಮನೆಯಲ್ಲಿ ಹೇಳಿದರೆ ಯಜಮಾನರು ಪತ್ರಿಕೆಯಿಂದ ತಲೆಯೆತ್ತದೆ, "ಉಪ್ಪಿಟ್ಟಿಗೆ ಕಡಲೆಬೇಳೆ ಸುರೀತೀಯಲ್ಲ, ಗ್ಯಾಸು ಕಣೇ" ಎನ್ನುತ್ತಿದ್ದರು. ಅತ್ತೆಯವರು ಓಮದ ಕಷಾಯ ಕುಡಿಸಿದರು. ಡಾಕ್ಟರೊಬ್ಬರು ಗುಲಾಬಿ ಬಣ್ಣದ ಔಷಧಿ ಕೊಟ್ಟು "ಯೋಚನೆ ಕಡಿಮೆ ಮಾಡಿ" ಎಂದರು. ಯೋಚನೆಯಂತೆ! ಅರವತ್ತು ಮಕ್ಕಳ ತರಗತಿಯಲ್ಲಿ ಕೂತು ಯೋಚನೆ ಮಾಡಲು ಯಾರಿಗೆ ಪುರಸೊತ್ತಿತ್ತು?

ಹೀಗಿರುವಾಗ ಶಿಕ್ಷಕರ ತರಬೇತಿಗೆಂದು ತರೀಕೆರೆಗೆ ಹೋದವಳು ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟು ಅಲ್ಲೇ ಕೂತುಬಿಟ್ಟೆ. ಜೊತೆಯವರು ಒಬ್ಬ ಲೇಡಿ ಡಾಕ್ಟರ ಬಳಿ ಕರೆದೊಯ್ದರು. ನನ್ನ ಮಗಳ ವಯಸ್ಸಿನ ಹುಡುಗಿ. ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಆಲಿಸಿ, "ಚಿಕ್ಕೋರಿದ್ದಾಗ ಕೀಲೆಲ್ಲ ಊದಿ ಜ್ವರ ಬಂದಿತ್ತಾ?" ಎಂದು ಕೇಳಿದಳು. ಬಂದಿತ್ತು. ದೇವನೂರಿನ ತವರಿನಲ್ಲಿ, ಒಂಬತ್ತನೆಯ ವಯಸ್ಸಿಗೆ. ನಮ್ಮಮ್ಮ ಮೊಣಕಾಲಿಗೆ ಹರಳೆಲೆ ಬಿಸಿಮಾಡಿ ಕಟ್ಟಿದ್ದಳು. "ಹಾರ್ಟಲ್ಲಿ ಒಂದು ಶಬ್ದ ಇದೆ. ಕವಾಟದ ತೊಂದ್ರೆ ಇರಬಹುದು. ಬೆಂಗಳೂರಲ್ಲಿ ಎಕೋ ಅಂತ ಮಾಡ್ತಾರೆ, ಮಾಡಿಸ್ಕೊಂಡು ಬನ್ನಿ" ಎಂದಳು. ಇಂಥ ಮಾತು ಕೇಳಿ ಹೆದರಬೇಕಾಗಿತ್ತು. ನನಗೋ ಹಾಲು ಕುಡಿದಷ್ಟು ಸಂತೋಷವಾಯಿತು. ಶಬ್ದ ಇದೆ! ಮೂರು ವರ್ಷದಿಂದ ನಾನು ಹೇಳುತ್ತಿದ್ದದ್ದು ಇನ್ನೊಬ್ಬರ ಕಿವಿಗೂ ಕೇಳಿಸಿತ್ತು.

ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಕಡೂರಿನಲ್ಲಿ ಇಳಿದು ಯಜಮಾನರ ಅಕ್ಕ ಗೌರಕ್ಕನ ಮನೆಗೆ ಹೋದೆವು. "ಸ್ಕ್ಯಾನಿಂಗಿನ ಥರ ಅಂತೆ" ಎಂದು ಇವರು ಹೇಳಿದ್ದೇ ತಡ, ಗೌರಕ್ಕ ನನ್ನ ಹೊಟ್ಟೆಯ ಕಡೆ ನೋಡಿ, "ಅಯ್ಯೋ ಶಿವನೇ! ಈ ವಯಸ್ಸಲ್ಲೇನೇ ಗಿರಿಜಾ?" ಎಂದು ಬಾಯಿಗೆ ಸೆರಗು ಇಟ್ಟುಕೊಂಡರು. ನನಗಾಗ ನಲವತ್ತಾರು. ಹೃದಯದ್ದು ಎಂದು ಬಿಡಿಸಿ ಹೇಳಿದ ಮೇಲೆ, "ಹಂಗಾದ್ರೆ ಕರೆಂಟ್ ಬಿಡ್ತಾರೆ ಕಣೋ ಶಿವಲಿಂಗ, ಇವಳಿಗೆ ಏನೂ ತಿನ್ನಕ್ಕೆ ಕೊಡಬೇಡ" ಎಂದು ತಮ್ಮನಿಗೆ ಅಪ್ಪಣೆ ಮಾಡಿದರು. ನನ್ನ ಒಂದು ಮಾತನ್ನೂ ನಂಬದ ಈ ಮನುಷ್ಯ ಅಕ್ಕನ ಮಾತನ್ನು ಶರಣರ ವಚನದಂತೆ ಪಾಲಿಸಿದರು. ಅರಸೀಕೆರೆ ಸ್ಟೇಷನ್ನಿನಲ್ಲಿ ನನ್ನೆದುರಿಗೇ ನಾಲ್ಕು ಇಡ್ಲಿ, ಎರಡು ವಡೆ ತಿಂದು, ನನಗೆ ನೀರಿನ ಲೋಟ ಹಿಡಿದರು.

ಮಾರನೆಯ ಬೆಳಿಗ್ಗೆ ಆಸ್ಪತ್ರೆಯಲ್ಲಿ ನರ್ಸಮ್ಮ, "ತಿಂಡಿ ಆಯ್ತಾ?" ಎಂದು ಕೇಳಿದರು. ನಿನ್ನೆಯಿಂದ ಏನೂ ತಿಂದಿಲ್ಲ ಎಂದೆ. "ಯಾರು ಹೇಳಿದ್ರು ಉಪವಾಸ ಇರಕ್ಕೆ? ಇದಕ್ಕೆ ಅದೆಲ್ಲ ಏನೂ ಬೇಡಮ್ಮ!" ನಾನು ಯಜಮಾನರನ್ನು ನೋಡಿದೆ. ಅವರು ಫ್ಯಾನನ್ನು ನೋಡಿದರು.

ಪರೀಕ್ಷೆ ಎಂದರೆ ಇಷ್ಟೇ. ಪರದೆ ಎಳೆದು, ರವಿಕೆ ತೆಗೆಸಿ, ಮುಂದೆ ಬಿಚ್ಚುವ ಒಂದು ಅಂಗಿ ಹಾಕಿಸಿದರು. ಎಡಮಗ್ಗುಲಾಗಿ ಮಲಗಿಸಿ, ಎದೆಗೆ ತಣ್ಣಗೆ ಗಂಜಿಯಂಥದ್ದನ್ನು ಹಚ್ಚಿ, ಸೀಮೆಸುಣ್ಣದ ಡಬ್ಬಿಯಷ್ಟಿದ್ದ ಒಂದು ಸಾಧನವನ್ನು ಪಕ್ಕೆಲುಬಿನ ಸಂದಿಯಲ್ಲಿ ಒತ್ತಿ ಒತ್ತಿ ಆಡಿಸಿದರು. ಸೂಜಿಯಿಲ್ಲ, ಕರೆಂಟಿಲ್ಲ, ನೋವಿಲ್ಲ. ಡಾಕ್ಟರು ಆಗಾಗ "ಉಸಿರು ಬಿಡಿ, ಹಾಗೇ ಹಿಡ್ಕೊಳ್ಳಿ" ಎನ್ನುತ್ತಿದ್ದರು. ಕಿವಿಗೆ ಕೇಳದ ಶಬ್ದವನ್ನು ಒಳಗೆ ಕಳಿಸಿ, ಅದು ತಿರುಗಿ ಬಂದಾಗ ಚಿತ್ರ ಮೂಡುತ್ತದಂತೆ. ಅರ್ಧ ಗಂಟೆಯಲ್ಲಿ ಮುಗಿಯಿತು. ಇಷ್ಟಕ್ಕೆ ಮೂರು ವರ್ಷ ಕಷಾಯ ಕುಡಿದೆನಲ್ಲ ಎಂದು ಮಲಗಿದ್ದಲ್ಲೇ ಮೈ ಉರಿಯಿತು.

ಹಟಮಾಡಿ ಒಳಗೆ ಬಂದಿದ್ದ ಯಜಮಾನರು ಪರದೆಯಾಚೆಯಿಂದ ಇಣುಕಿ, ಪುಟ್ಟ ಟೀವಿಯಂಥದ್ದರಲ್ಲಿ ಕುಣಿಯುತ್ತಿದ್ದ ಕಪ್ಪುಬಿಳುಪಿನ ಚುಕ್ಕೆಗಳನ್ನು ನೋಡಿ, "ಸಾರ್, ಸರಿಯಾಗಿ ಬರ್ತಿಲ್ಲ, ಆಂಟೆನಾ ತಿರುಗಿಸಬೇಕೇನೋ" ಎಂದರು. ಡಾಕ್ಟರು ಆ ಚುಕ್ಕೆಗಳ ಮೇಲೆ ಬೆರಳಿಟ್ಟು, "ಇಲ್ಲಿ ನೋಡಿ, ಬಾಗಿಲಿನ ಥರ ಆಡ್ತಿದೆಯಲ್ಲ, ಅದು ಕವಾಟ. ಪೂರ್ತಿ ತೆರ್ಕೊಳ್ತಿಲ್ಲ. ಚಿಕ್ಕಂದಿನ ಆ ಜ್ವರದ್ದು. ಹೆಚ್ಚೇನೂ ಕೆಟ್ಟಿಲ್ಲ, ಮಾತ್ರೆಯಲ್ಲಿ ಹೋಗತ್ತೆ. ವರ್ಷಕ್ಕೊಂದ್ಸಲ ಬಂದು ತೋರಿಸಿ" ಎಂದರು. ಆಗ ನಮ್ಮ ಯಜಮಾನರು ಗಂಟಲು ಸರಿಮಾಡಿಕೊಂಡು ಹೇಳಿದ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ: "ನಾನು ಮೊದ್ಲಿಂದ್ಲೂ ಹೇಳ್ತಾನೇ ಇದ್ದೆ ಸಾರ್, ಇವಳಿಗೆ ಏನೋ ಇದೆ ಅಂತ."

ಎದೆಯ ಮೇಲೆ ಗಂಜಿ ಇರದಿದ್ದರೆ ಅಲ್ಲೇ ಎದ್ದು ನಿಲ್ಲುತ್ತಿದ್ದೆ. ಮೂರು ವರ್ಷದ್ದೆಲ್ಲ ಸೇರಿಸಿ ರೈಲಿನಲ್ಲಿ ಬೈಯಬೇಕೆಂದು ಮಾತು ಜೋಡಿಸಿಕೊಂಡು ಹೊರಟೆ. ತುಮಕೂರಿನಲ್ಲಿ ವಡೆಯವನು ಕೂಗಿಕೊಂಡು ಹೋದರೂ ಇವರು ತಿರುಗಿ ನೋಡಲಿಲ್ಲ. ರಿಪೋರ್ಟಿನ ಕವರನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. "ನಂಗೆ ಭಯ ಕಣೇ" ಎಂದರು ಕೊನೆಗೆ. "ಗ್ಯಾಸು ಅಂತಿದ್ರೆ ಗ್ಯಾಸೇ ಆಗಿರತ್ತೆ ಅಂದ್ಕೊಂಡಿದ್ದೆ." ಜೋಡಿಸಿದ ಮಾತೆಲ್ಲ ದಂಡವಾಯಿತು. ಬೈಯಲೂ ಬಿಡದ ಈ ಮನುಷ್ಯನ ಮೇಲೆ ಇನ್ನಷ್ಟು ಕೋಪ ಬಂತು.

ಊರಿಗೆ ಬಂದ ಮೇಲೆ ಶುರುವಾಯಿತು ನೋಡಿ ಇನ್ನೊಂದು ಕಾಟ. ನಂಬದೆ ಗೋಳುಹೊಯ್ದುಕೊಂಡವರೆಲ್ಲ ಈಗ ನಂಬಿ ಗೋಳುಹೊಯ್ದುಕೊಂಡರು. ಗಟ್ಟಿಯಾಗಿ ನಗುವಂತಿಲ್ಲ, ಬೇಗ ನಡೆಯುವಂತಿಲ್ಲ. ಅತ್ತೆಯವರು ಬಂದವರಿಗೆಲ್ಲ "ಪಾಪ, ಹಾರ್ಟು" ಎಂದು ನನ್ನನ್ನು ತೋರಿಸುತ್ತಿದ್ದರು. ಯಜಮಾನರಂತೂ ಬೆಳಗಾಗೆದ್ದು ಪಂಚೆ ಎತ್ತಿಕಟ್ಟಿ, ಅದುವರೆಗೆ ನಾನು ಸೇದುತ್ತಿದ್ದ ಹದಿನೈದು ಕೊಡ ನೀರನ್ನು ಬಾವಿಯಿಂದ ತಾವೇ ಸೇದಿ ಹಂಡೆ ತುಂಬಿಸತೊಡಗಿದರು. "ನಾನೇನು ಗಾಜಿನ ಬೊಂಬೆಯೇನ್ರೀ?" ಎಂದು ದಿನವೂ ರೇಗುತ್ತಿದ್ದೆ.

ವರ್ಷ ಕಳೆದು ಮತ್ತೆ ತೋರಿಸಲು ಹೋದಾಗ, ಡಾಕ್ಟರು ಎಲ್ಲ ನೋಡಿ, "ಹಾಗೇ ಇದೆ, ಚೆನ್ನಾಗಿದೀರಿ. ಮನೆ ಕೆಲಸ ಎಲ್ಲ ಧಾರಾಳವಾಗಿ ಮಾಡ್ಕೋಬಹುದು" ಎಂದರು. ಯಜಮಾನರು ನನಗೆ ಕಾಫಿ ತರಲು ಹೊರಗೆ ಹೋಗಿದ್ದರು. ಲೋಟ ಹಿಡಿದು ಓಡೋಡಿ ಬಂದು, "ಏನಂದ್ರು?" ಎಂದರು. ಅನ್ಯಾಯವನ್ನು ಕಂಡರೆ ಸಿಡಿದೇಳುವ ನಾನು ಕಾಫಿ ಇಸಿದುಕೊಂಡು, ನಿಧಾನವಾಗಿ ಒಂದು ಗುಟುಕು ಕುಡಿದು ಹೇಳಿದೆ:

"ಎಲ್ಲಾ ಚೆನ್ನಾಗಿದೆಯಂತೆ. ನೀರು ಮಾತ್ರ ಸೇದಬಾರದಂತೆ."