ಮೂರು ಪಾಲಾದ ಗುಳಿಗೆ

ನನಗೆ ಮಾತು ಜಾಸ್ತಿ ಎಂಬ ದೂರು ಮದುವೆಯಾದಾಗಿನಿಂದ ಮನೆಯಲ್ಲಿದೆ. ಹೊಟ್ಟೆಗೆ ಹಿಟ್ಟು ಬರುವುದೂ ಅದೇ ಮಾತಿನಿಂದ ಎಂದರೆ ಹೆಂಡತಿ ಒಪ್ಪುವುದಿಲ್ಲ. ಗಂಗಾವತಿಯ ಆಸ್ಪತ್ರೆಯೊಂದರಲ್ಲಿ ಹೊಸ ಔಷಧಿಗಳ ಪರೀಕ್ಷೆಗೆ ಜನರನ್ನು ಒಪ್ಪಿಸಿ ಸೇರಿಸುವುದು ನನ್ನ ಕೆಲಸ. ಚಹಾ ಕುಡಿಯುವವರೆಗೆ ಎಲ್ಲರೂ ಕಿವಿಗೊಡುತ್ತಾರೆ. ಸಹಿ ಎಂದ ಕೂಡಲೇ, "ಮನಿಯಾಗ ಒಂದ್ ಮಾತು ಕೇಳಿ ಬರ್ತೀನ್ರಿ" ಎಂದು ಎದ್ದು ಹೋಗುತ್ತಾರೆ. ಹಾಗೆ ಹೋದವರು ಇದುವರೆಗೆ ಒಬ್ಬರೂ ತಿರುಗಿ ಬಂದಿಲ್ಲ. ಅವರ ಪುಕ್ಕಲುತನಕ್ಕೆ ನಾನು ಎಷ್ಟು ಸಲ ನಕ್ಕಿದ್ದೇನೋ.

ಈ ಸಲದ್ದು ಮೊಣಕಾಲು ನೋವಿನ ಗುಳಿಗೆ. ಇನ್ನಿಬ್ಬರು ಸಿಗದಿದ್ದರೆ ನನ್ನ ಕೆಲಸಕ್ಕೇ ಸಂಚಕಾರ. ಹತ್ತಿರದ ಮರಳಿ ಗ್ರಾಮದಲ್ಲಿ ಭತ್ತದ ನಾಟಿ ಮಾಡಿ ಮಾಡಿ ಮೊಣಕಾಲು ಸವೆಸಿಕೊಂಡ ಬಸಮ್ಮ, ಪಕ್ಕದ ಮನೆಯ ನೀಲಮ್ಮ ಸಿಕ್ಕರು. ಕಟ್ಟೆಯ ಮೇಲೆ ಕೂತು ಮೊದಲು ನನ್ನ ಮೊಣಕಾಲಿನ ಗೋಳನ್ನೇ ತೋಡಿಕೊಂಡೆ. ನೋವು ನಿಜವಾದದ್ದೇ, ನರಳಾಟ ಮಾತ್ರ ಸ್ವಲ್ಪ ಹೆಚ್ಚು. ಆಮೇಲೆ ನಿಯಮದಂತೆ ಬಿಡಿಸಿ ಹೇಳಿದೆ: ಒಬ್ಬರಿಗೆ ಔಷಧಿ ಬರಬಹುದು, ಇನ್ನೊಬ್ಬರಿಗೆ ನೋಡಲು ಹಾಗೆಯೇ ಇರುವ, ಔಷಧಿಯಿಲ್ಲದ ಖಾಲಿ ಗುಳಿಗೆ, ಯಾರಿಗೆ ಯಾವುದೆಂದು ನನಗೂ ಗೊತ್ತಿರುವುದಿಲ್ಲ, ಬೇಡವೆನಿಸಿದ ದಿನ ಬಿಟ್ಟುಬಿಡಬಹುದು. ಇಬ್ಬರೂ ತಲೆಯಾಡಿಸಿ ಸಹಿ ಹಾಕಿದರು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ತಿಂಗಳ ಬಳಿಕ ಉಳಿದ ಗುಳಿಗೆ ನೋಡಲು ಹೋದರೆ ಬಸಮ್ಮ ಒಂದೇ ಸ್ಟೀಲ್ ಡಬ್ಬಿ ತಂದಿಟ್ಟರು. ಎರಡೂ ಮನೆಯ ಗುಳಿಗೆ ಅದರಲ್ಲೇ ಇದ್ದವು.

"ಇದೇನ್ರಿ ಅಮ್ಮಾ, ಎಲ್ಲಾ ಕೂಡಿಸಿಬಿಟ್ಟೀರಿ?"

"ನೀವ ಹೇಳಿದ್ರಲ್ರಿ, ಒಬ್ಬರದು ಖಾಲಿ ಇರತೈತಿ ಅಂತ," ಎಂದರು ಬಸಮ್ಮ. "ಹೋಳಿಗಿ ಮಾಡಿದ್ರ ಆಕಿನ್ನ ಬಿಟ್ಟು ತಿಂದಾಕಿ ಅಲ್ಲ ನಾ. ಔಷಧ ಒಬ್ಬಾಕಿನ ಹೆಂಗ ತಿನ್ನಲಿ?"

"ಕೂಡಿಸಿ ಸಮಪಾಲು ಮಾಡೀವ್ರಿ," ಎಂದರು ನೀಲಮ್ಮ. "ಇಬ್ಬರಿಗೂ ಅರ್ಧಾದ್ರೂ ನೋವು ಹೋಗಲಿ."

ಸಿಟ್ಟು ಬರಬೇಕಿತ್ತು, ಹೊಟ್ಟೆಕಿಚ್ಚು ಬಂತು. ನಮ್ಮ ಓಣಿಯಲ್ಲಿ ಕೊಟ್ಟ ಸಕ್ಕರೆ ಬಟ್ಟಲು ವಾಪಸಾಗುವವರೆಗೆ ನನ್ನ ಹೆಂಡತಿ ಕಿಟಕಿ ಬಿಟ್ಟು ಕದಲುವುದಿಲ್ಲ.

"ಡಾಕ್ಟರಿಗೆ ಹೇಳಲೇಬೇಕ್ರಿ. ಇಬ್ಬರನ್ನೂ ಪರೀಕ್ಷಾದಿಂದ ತೆಗೀತಾರ," ಎಂದೆ. ನನ್ನನ್ನೂ ತೆಗೆಯಬಹುದು ಎಂಬುದನ್ನು ನುಂಗಿಕೊಂಡೆ.

"ತೆಗೀಲಿ ಬಿಡ್ರಿ," ಎನ್ನುತ್ತ ಬಸಮ್ಮ ಗೋಡೆಯ ಗೂಡಿನಿಂದ ಒಂದು ಕಾಗದದ ಪೊಟ್ಟಣ ತೆಗೆದರು. "ಇದು ನಿಮ್ಮ ಪಾಲು. ಅವತ್ತ ಭಾಳ ನರಳಿದ್ರಿ, ಪಾಪ. ಈಗ ಒಂದು ನುಂಗ್ರಿ."

ನೀಲಮ್ಮ ನೀರಿನ ತಂಬಿಗೆಯನ್ನೂ ತಂದರು. ಊರೂರಲ್ಲಿ "ಹೆದರಬ್ಯಾಡ್ರಿ" ಎಂದು ತಿರುಗಿದವನು ಆ ಗುಳಿಗೆಯನ್ನು ಎರಡು ಸಲ ಹೊರಳಿಸಿ ನೋಡಿದೆ. ನಾನು ತಿನ್ನುವಂತಿಲ್ಲ ಎಂಬ ನಿಯಮ ಹೇಳಿ ಪಾರಾಗಬಹುದಿತ್ತು. ಆ ಗಳಿಗೆಯಲ್ಲಿ ಅದೂ ಹೊಳೆಯಲಿಲ್ಲ. ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅದರಿಂದ ಹೊರಟದ್ದು ಒಂದೇ ಮಾತು:

"ಮನಿಯಾಗ ಒಂದ್ ಮಾತು ಕೇಳಿ ಬರ್ತೀನ್ರಿ."